ಹೈಸ್ಕೂಲಿನಲ್ಲಿ ಬ್ರೇಕ್ ಕಲಿಸುವಾಗ

ಸರ್ಕಾರಿ ಹೈಸ್ಕೂಲಿನಲ್ಲಿ ಆಟೊಮೊಬೈಲ್ ಪಾಠ ಮಾಡುತ್ತೇನೆ ಎಂದರೆ ಈಗಲೂ ಹಲವರು ಹುಬ್ಬೇರಿಸುತ್ತಾರೆ. ಎನ್‌ಎಸ್‌ಕ್ಯೂಎಫ್ ವೃತ್ತಿಶಿಕ್ಷಣ ಇರುವ ಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದಲೇ ಈ ವಿಷಯವಿದೆ; ತೃತೀಯ ಭಾಷೆಯ ಬದಲು ಇದನ್ನೇ ತೆಗೆದುಕೊಂಡು ಎಸ್‌ಎಸ್‌ಎಲ್‌ಸಿ ಬರೆಯಬಹುದು. ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಕೈ ಕಪ್ಪು ಮಾಡಿಕೊಂಡಿದ್ದ ನಾನು ಹಾವೇರಿ ಕಡೆಯ ಹಳ್ಳಿ ಶಾಲೆಗೆ ಬಂದದ್ದು ಹೀಗೆ. ಎಂಜಿನ್ ಪಾಠ ಎಂದರೆ ಮಕ್ಕಳಿಗೆ ಪ್ರಾಣ. ಬ್ರೇಕು, ಸಸ್ಪೆನ್ಶನ್, ಸ್ಟೇರಿಂಗ್ ಎಂದರೆ ಮುಖ ಸಣ್ಣದಾಗುತ್ತದೆ. ಆದರೆ ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಈ ಮೂರರಲ್ಲಿ ಒಂದು ಕೆಟ್ಟರೆ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಹದಿನಾಲ್ಕು–ಹದಿನೈದರ ಮಕ್ಕಳಿಗೆ ಇವನ್ನು ರಿಪೇರಿ ಮಾಡಲು ಕಲಿಸುವ ಮೊದಲು ಪರೀಕ್ಷಿಸಲು ಕಲಿಸಬೇಕು, ಪಾನಾ ಹಿಡಿಯುವ ಸರದಿ ಆಮೇಲೆ ಬರಲಿ ಎಂಬುದು ನನ್ನ ನಿಲುವು. ಅದಕ್ಕೆ ಕಾರಣಗಳನ್ನು ತರಗತಿಯಲ್ಲಿ ಕಂಡಂತೆ ಬರೆಯುತ್ತಿದ್ದೇನೆ.

1. ಲ್ಯಾಬ್ ಸಾಮಾನು ಬರುವವರೆಗೆ ಕಾಯಬೇಡಿ, ಸೈಕಲ್ ಇದೆ

ಟೂಲ್ ಕಿಟ್ಟು, ಕಟ್ ಸೆಕ್ಷನ್ ಮಾಡೆಲ್ಲು, ಹಳೆ ಕಾರು ಇವೆಲ್ಲ ಬಂದಾಗ ಬರುತ್ತವೆ. ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಸೈಕಲ್‌ಗಳಲ್ಲಿ ಅಣ್ಣ ಅಕ್ಕಂದಿರಿಂದ ತಮ್ಮ ತಂಗಿಯರ ಕೈಗೆ ಬಂದವು ಇನ್ನೂ ಎಷ್ಟೋ ಓಡುತ್ತಿವೆ. ಮೊದಲ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ.

ಸೈಕಲ್ ಹಿಡಿದು ನಡೆಸಿಕೊಂಡು ಹೋಗುತ್ತ ಹಿಂದಿನ ಬ್ರೇಕ್ ಒತ್ತಲು ಹೇಳುತ್ತೇನೆ. ಚಕ್ರ ನಿಂತು ಮಣ್ಣಿನ ಮೇಲೆ ಗೀರು ಎಳೆಯುತ್ತದೆ. ಈಗ ಮುಂದಿನದನ್ನು ಒತ್ತಿಸುತ್ತೇನೆ. ಸೈಕಲ್ ಅಲ್ಲೇ ನಿಲ್ಲುತ್ತದೆ, ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. "ಅದಕ್ಕ ಸರ, ಮುಂದಿನ ಬ್ರೇಕ್ ಹಿಡೀಬ್ಯಾಡ, ಪಲ್ಟಿ ಹೊಡೀತಿ ಅಂತ ಅಪ್ಪ ಬೈತಾನ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಪಾಠ ಅಲ್ಲಿಂದ ಶುರು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುತ್ತದೆ. ಭಾರ ಬಿದ್ದ ಚಕ್ರಕ್ಕೆ ಹಿಡಿತ ಹೆಚ್ಚು. ಹಾಗಾಗಿ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದಿನ ಬ್ರೇಕಿನದು. ಅಪ್ಪ ಹೇಳಿದ್ದೂ ಪೂರ್ತಿ ಸುಳ್ಳಲ್ಲ, ಮುಂದಿನದನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿದರೆ ಬೀಳುವುದು ಖರೆ. ಹಲವು ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಯಾಕೆ ಇರುತ್ತದೆ ಎಂಬುದಕ್ಕೂ ಉತ್ತರ ಇದರಲ್ಲೇ ಸಿಗುತ್ತದೆ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿವರೆಗಿನ ದ್ವಿಚಕ್ರ ವಾಹನಗಳಿಗೆ ಸಿಬಿಎಸ್ (ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಬೀಳುವ ಏರ್ಪಾಡು) ಅಥವಾ ಎಬಿಎಸ್ (ಚಕ್ರ ಕಚ್ಚಿ ನಿಂತು ಜಾರದಂತೆ ತಡೆಯುವ ಏರ್ಪಾಡು) ಇರಲೇಬೇಕು, ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ಸೇ ಬೇಕು ಎಂದು ಕಾನೂನಾಯಿತು. ಮನೆಯ ಸ್ಕೂಟರಿನ ಎಡಗೈ ಬ್ರೇಕ್ ಒತ್ತಿದರೆ ಮುಂದಿನ ಚಕ್ರಕ್ಕೂ ಬ್ರೇಕ್ ಬೀಳುವುದನ್ನು ಮಕ್ಕಳು ಸ್ಟ್ಯಾಂಡ್ ಹಾಕಿ ತಿರುಗಿಸಿ ನೋಡಿಕೊಂಡು ಬರುತ್ತಾರೆ. ಮುಂದಿನ ಬ್ರೇಕನ್ನು ಮರೆಯುವವರು ಹೆಚ್ಚಿದ್ದಾರೆ ಎಂದೇ ಈ ಏರ್ಪಾಡು.

ಅದೇ ಸೈಕಲ್ ಸ್ಟೇರಿಂಗ್ ಪಾಠಕ್ಕೂ ಬರುತ್ತದೆ. ಹ್ಯಾಂಡಲ್ ಮುಟ್ಟದೆ ಸೀಟು ಮಾತ್ರ ಹಿಡಿದು ಎಡಕ್ಕೆ ಓರೆ ಮಾಡಿ, ಮುಂದಿನ ಚಕ್ರ ತಾನಾಗಿ ಎಡಕ್ಕೆ ತಿರುಗುತ್ತದೆ. ಫೋರ್ಕು ನೆಟ್ಟಗಿರದೆ ವಾಲಿಕೊಂಡಿರುವುದು ಇದಕ್ಕೆ ಒಂದು ಕಾರಣ. ಕ್ಯಾಸ್ಟರ್ ಎಂಬ ಈ ವಾಲಿಕೆಯನ್ನು ಬೋರ್ಡಿನ ಮೇಲೆ ಕೋನ ಬರೆದು ವಿವರಿಸಿದ ವರ್ಷ ಯಾರಿಗೂ ನೆನಪುಳಿಯಲಿಲ್ಲ, ಸೈಕಲ್ ವಾಲಿಸಿ ತೋರಿಸಿದ್ದು ಉಳಿಯಿತು.

2. ಎರಡು ಸಿರಿಂಜು, ಒಂದು ಗಾಳಿಗುಳ್ಳೆ

ಹೈಡ್ರಾಲಿಕ್ ಬ್ರೇಕಿಗೆ ಬೇಕಾದದ್ದು ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಸೂಜಿ ಇಲ್ಲದ 5 ಮಿಲಿ ಸಿರಿಂಜು ಒಂದು, 20 ಮಿಲಿಯದೊಂದು, ನಡುವೆ ಡ್ರಿಪ್ ಹಾಕುವ ನಳಿಕೆಯ ತುಂಡು. ಬಣ್ಣದ ನೀರು ತುಂಬಿ, ಚಿಕ್ಕದನ್ನು ತರಗತಿಯ ಅತಿ ಸಣಕಲ ಹುಡುಗಿಯ ಕೈಗೆ, ದೊಡ್ಡದನ್ನು ಕಬಡ್ಡಿ ತಂಡದ ಹುಡುಗನ ಕೈಗೆ ಕೊಟ್ಟು ಇಬ್ಬರಿಗೂ ಎದುರುಬದುರು ಒತ್ತಲು ಹೇಳುತ್ತೇನೆ. ಕಬಡ್ಡಿಯವನು ಸೋಲುತ್ತಾನೆ. ಗದ್ದಲ ಅಡಗಿದ ಮೇಲೆ ವರ್ನಿಯರ್ ತರಿಸಿ ಒಳ ಪಿಸ್ಟನ್‌ಗಳ ಅಗಲ ಅಳೆಸುತ್ತೇನೆ. ವಿಸ್ತೀರ್ಣದ ಲೆಕ್ಕ ಹಾಕಿದರೆ ದೊಡ್ಡದು ಚಿಕ್ಕದರ ಎರಡು–ಎರಡೂವರೆ ಪಟ್ಟು ಬರುತ್ತದೆ. ಒತ್ತಡ ಎರಡೂ ಕಡೆ ಒಂದೇ, ಬಲ ಮಾತ್ರ ಅಷ್ಟು ಪಟ್ಟು. ಹದಿನೇಳನೇ ಶತಮಾನದ ಪ್ಯಾಸ್ಕಲ್ ಹೇಳಿದ್ದು ಇಷ್ಟೇ. ಬಲ ಸಿಕ್ಕಿತೆಂದು ಖುಷಿಪಡುವಾಗಲೇ ಇನ್ನೊಂದನ್ನೂ ಗಮನಿಸಲು ಹೇಳುತ್ತೇನೆ: ಚಿಕ್ಕ ಪಿಸ್ಟನ್ ತುಂಬ ದೂರ ಹೋಯಿತು, ದೊಡ್ಡದು ಸ್ವಲ್ಪವೇ ಸರಿಯಿತು. ಪೆಡಲ್ ಅಷ್ಟು ಕೆಳಗೆ ಹೋದರೂ ಪ್ಯಾಡ್ ಕೂದಲೆಳೆಯಷ್ಟೇ ಯಾಕೆ ಸರಿಯುತ್ತದೆ ಎಂದು ಮುಂದೆ ಯಾರೂ ಕೇಳುವುದಿಲ್ಲ.

ಆಮೇಲೆ ನಳಿಕೆಯೊಳಗೆ ಬೇಕೆಂದೇ ಒಂದು ಗಾಳಿಗುಳ್ಳೆ ಬಿಡುತ್ತೇನೆ. ಅದೇ ಹುಡುಗಿ ಒತ್ತುತ್ತಾಳೆ. ಪಿಸ್ಟನ್ ಮೆತ್ತಗೆ ಒಳಗೆ ಹೋಗುತ್ತದೆ, ಗುಳ್ಳೆ ಕುಗ್ಗುವುದು ಕಣ್ಣಿಗೆ ಕಾಣುತ್ತದೆ, ಎದುರಿನ ಪಿಸ್ಟನ್ ತಡವಾಗಿ ಅಲುಗುತ್ತದೆ. ಬ್ರೇಕ್ ಸ್ಪಂಜಾಗಿದೆ ಎಂದು ಗ್ಯಾರೇಜಿನವರು ಹೇಳುವುದು ಇದನ್ನೇ. ಸಿರಿಂಜು ಕೈಯಿಂದ ಕೈಗೆ ಹೋಗಿ ಪ್ರತಿಯೊಬ್ಬರೂ ಒತ್ತಿ ನೋಡುವವರೆಗೆ ನಾನು ಮುಂದಿನ ಪಾಠಕ್ಕೆ ಹೋಗುವುದಿಲ್ಲ. ಯಾಕೆಂದರೆ ನಾಳೆ ನಿಜವಾದ ಪೆಡಲ್ ಒತ್ತಿದಾಗ ಅದು ಕಲ್ಲಿನಂತಿದೆಯೋ ಮೆತ್ತಗಿದೆಯೋ ಎಂದು ಹೇಳಬೇಕಾದ್ದು ಪಾದ.

ಹಳೆ ಕಾರು ಸಿಕ್ಕ ಮೇಲೆ ಏರ್ ತೆಗೆಯುವುದನ್ನು ಕಲಿಸುವಾಗ ನನ್ನ ಕಟ್ಟುನಿಟ್ಟು ಒಂದೇ, ಬಾಯಿಬಿಟ್ಟು ಹೇಳಬೇಕು. ಪೆಡಲ್ ಮೇಲೆ ಒಬ್ಬರು, ಚಕ್ರದ ಬಳಿ ನಿಪ್ಪಲ್ ಹಿಡಿದು ಇನ್ನೊಬ್ಬರು. "ಒತ್ತು." "ಹಿಡಿದೆ." "ಬಿಚ್ಚಿದೆ." "ಕೆಳಗೆ ಹೋಯ್ತು." "ಮುಚ್ಚಿದೆ." "ಬಿಡ್ತೀನಿ." ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಹೊರಗಿನ ಗಾಳಿಯನ್ನು ಸಿಲಿಂಡರೇ ಎಳೆದುಕೊಳ್ಳುತ್ತದೆ, ಮಾಡಿದ ಕೆಲಸವೆಲ್ಲ ನೀರುಪಾಲು. ಗ್ಯಾರೇಜಿನಲ್ಲಿ ಹಳಬರು ತಲೆಯಾಡಿಸಿಯೇ ಇದನ್ನು ಮುಗಿಸುತ್ತಾರೆ. ಹೊಸಬರಿಗೆ ಅದು ಬೇಡ.

3. ಬ್ರೇಕ್ ಆಯಿಲ್ ಬಾಟಲಿಯ ಮೇಲೆ ಬರೆದದ್ದನ್ನು ಓದಿಸಿ

ನಮ್ಮ ಕಡೆ ಬ್ರೇಕ್ ಆಯಿಲ್ ಕಡಿಮೆಯಾದರೆ ಕೈಗೆ ಸಿಕ್ಕಿದ ಎಣ್ಣೆ ಸುರಿಯುವವರು ಇದ್ದಾರೆ. ಬೈದು ಪ್ರಯೋಜನವಿಲ್ಲ, ತೋರಿಸಬೇಕು. ಹಳೆ ವೀಲ್ ಸಿಲಿಂಡರಿನ ಎರಡು ರಬ್ಬರ್ ಕಪ್ ತೆಗೆದು ಒಂದನ್ನು ಬ್ರೇಕ್ ಆಯಿಲ್‌ನಲ್ಲಿ, ಇನ್ನೊಂದನ್ನು ಎಂಜಿನ್ ಆಯಿಲ್‌ನಲ್ಲಿ ಹಾಕಿ ಕಿಟಕಿಯ ಮೇಲಿಡುತ್ತೇನೆ. ಕೆಲ ದಿನಗಳಲ್ಲಿ ಎಂಜಿನ್ ಆಯಿಲ್‌ನದು ಊದಿಕೊಂಡು ಸಿಲಿಂಡರಿನೊಳಗೆ ಹೋಗದಂತಾಗುತ್ತದೆ. ಬ್ರೇಕ್ ಆಯಿಲ್ ಚೆಲ್ಲಿದರೆ ಪೇಂಟ್ ಏನಾಗುತ್ತದೆ ಎನ್ನುವುದಕ್ಕೂ ಗುಜರಿಯ ಒಂದು ಬಾಗಿಲು ಸಾಕು.

ಡಾಟ್ 3, ಡಾಟ್ 4 ಎಂಬ ಅಂಕಿಗಳನ್ನು ಉರು ಹೊಡೆಸುವ ಬದಲು ಘಟ್ಟದ ಕತೆ ಹೇಳುತ್ತೇನೆ. ಈ ದ್ರವ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಯಲ್ಲಾಪುರ ದಾಟಿ ಅಂಕೋಲೆ ಕಡೆಗೆ ಅರಬೈಲ್ ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿಕೊಂಡು ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡು ಬರುವ ಕಾರನ್ನು ನೆನೆಸಿಕೊಳ್ಳಿ. ಪ್ಯಾಡ್ ಬಿಸಿ, ಕ್ಯಾಲಿಪರ್ ಬಿಸಿ, ಒಳಗಿನ ಹಳೆಯ ದ್ರವ ಕುದಿದು ಆವಿ. ಆವಿ ಎಂದರೆ ಸಿರಿಂಜಿನಲ್ಲಿ ಕಂಡ ಅದೇ ಗುಳ್ಳೆ. ಏರುವಾಗ ಹಾಕಿದ ಗೇರಿನಲ್ಲೇ ಇಳಿ ಎಂದು ಹಳೆ ಡ್ರೈವರುಗಳು ಹೇಳುವ ಮಾತಿನ ಹಿಂದಿನ ವಿಜ್ಞಾನ ಇದು. ಬಿಚ್ಚಿಟ್ಟ ಅರ್ಧ ಬಾಟಲಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬಾರದು ಎಂಬ ನಿಯಮವನ್ನು ಅಂಗಡಿಯವರಿಗೂ ಮಕ್ಕಳೇ ಹೇಳಿ ಬಂದಿದ್ದಾರೆ. ಅಂಗಡಿಯವರು ಬೈದು ಕಳಿಸಿದರಂತೆ, ಇರಲಿ.

4. ನಿಲ್ಲುವ ದೂರವನ್ನು ವಾಲಿಬಾಲ್ ಅಂಗಳದಲ್ಲಿ ಅಳೆಸಿ

ವಾಲಿಬಾಲ್ ಅಂಗಳದ ಉದ್ದ 18 ಮೀಟರ್. ಒಣಗಿದ ಡಾಂಬರು ರಸ್ತೆ, ಒಳ್ಳೆಯ ಟೈರು, ಎಚ್ಚೆತ್ತು ಕಾಲಿಡಲು ಒಂದು ಸೆಕೆಂಡು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ನಿಲ್ಲಲು ಸುಮಾರು 20 ಮೀಟರ್ ಬೇಕು. ಅದರಲ್ಲಿ 11 ಮೀಟರ್ ಕಾಲಿಡುವುದರೊಳಗೇ ಹೋಗಿರುತ್ತದೆ. 80ರಲ್ಲಿ? ದುಪ್ಪಟ್ಟು, 40 ಮೀಟರ್ ಎಂದು ಎಲ್ಲರೂ ಕೂಗುತ್ತಾರೆ. ಬ್ರೇಕ್ ಹಿಡಿದ ಮೇಲಿನ ದೂರ ವೇಗದ ವರ್ಗಕ್ಕೆ ತಕ್ಕಂತೆ, ಅಂದರೆ ನಾಲ್ಕು ಪಟ್ಟು ಹೆಚ್ಚುತ್ತದೆ. ಒಟ್ಟು 58 ಮೀಟರ್ ಆಸುಪಾಸು, ಮೂರು ವಾಲಿಬಾಲ್ ಅಂಗಳಕ್ಕೂ ಹೆಚ್ಚು. ಸುಣ್ಣದಲ್ಲಿ ಗೆರೆ ಹಾಕಿ ಆ ದೂರ ನಡೆದುಕೊಂಡು ಬರಲು ಹೇಳಿ. ಗಣಿತದ ಮೇಡಂ ತಮ್ಮ ವರ್ಗಸಮೀಕರಣ ಪಾಠಕ್ಕೂ ಇದೇ ಗೆರೆಗಳನ್ನು ಬಳಸಿಕೊಂಡರು.

5. ಟೈರು ಎಲ್ಲವನ್ನೂ ಬರೆದಿಟ್ಟಿರುತ್ತದೆ

ಕ್ಯಾಂಬರ್, ಟೋ ಎಂದು ಪುಸ್ತಕದ ಕ್ರಮದಲ್ಲಿ ಹೋದರೆ ಎರಡೇ ದಿನಕ್ಕೆ ಅರ್ಧ ತರಗತಿ ನಿದ್ದೆ ಮಾಡುತ್ತದೆ. ನಾನು ಪಂಕ್ಚರ್ ಅಂಗಡಿಗೆ ಹೋಗಿ ಎಸೆಯಲು ಇಟ್ಟ ಟೈರು ತರುತ್ತೇನೆ. ಗೋಡೆಗೆ ಸಾಲಾಗಿ ಒರಗಿಸಿ, ಪ್ರತಿಯೊಂದಕ್ಕೂ ಏನು ಕಾಯಿಲೆ ಇತ್ತು ಹೇಳಿ ಎನ್ನುತ್ತೇನೆ.

ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ, ಇಲ್ಲವೇ ಹೊರೆ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಕ್ಯಾಂಬರ್ ತಪ್ಪಿ ಚಕ್ರ ಓರೆ ನಿಂತಿತ್ತು ಎಂಬ ಗುಮಾನಿ. ಇವು ಕಣ್ಣಿಗೇ ಗೊತ್ತಾಗುತ್ತವೆ. ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಗೋ ಹೊರಗೋ ತಿರುಗಿರುವುದು; ಅದು ತಪ್ಪಿದ್ದನ್ನು ಹಿಡಿಯಲು ಅಂಗೈ ಬೇಕು. ಕಣ್ಣು ಮುಚ್ಚಿ ಟೈರಿನ ಮೇಲೆ ಅಡ್ಡಡ್ಡ ಕೈಯಾಡಿಸಿದರೆ ಒಂದು ದಿಕ್ಕಿನಲ್ಲಿ ನುಣುಪು, ವಾಪಸು ಬರುವಾಗ ಗರಗಸದ ಹಲ್ಲು ತಾಗಿದ ಹಾಗೆ. ತಂತಿ ಕಿತ್ತು ಬಂದ ಟೈರನ್ನು ಈ ಆಟಕ್ಕೆ ಇಡಬೇಡಿ, ಕೈ ಕುಯ್ಯುತ್ತದೆ. ಅಲ್ಲಲ್ಲಿ ಬಟ್ಟಲು ತೋಡಿದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಕಡೆ ನೋಡಬೇಕು, ಚಕ್ರ ನೆಲದ ಮೇಲೆ ಕುಪ್ಪಳಿಸುತ್ತ ಹೋಗಿದೆ.

ಗಾಡಿ ಒಂದು ಕಡೆ ಎಳೆಯುತ್ತದೆ ಎಂದು ಯಾರಾದರೂ ತಂದರೆ ಮೊದಲು ಅಲೈನ್‌ಮೆಂಟ್ ಎನ್ನುವವರಿಗೆ ನನ್ನ ತರಗತಿಯಲ್ಲಿ ಅಂಕ ಇಲ್ಲ. ಮೊದಲು ಗಾಳಿ ನೋಡು. ಆಮೇಲೆ ಯಾವ ಚಕ್ರದ ಡ್ರಮ್ಮು ಹೆಚ್ಚು ಬಿಸಿ ಇದೆ ನೋಡು, ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು. ಬ್ರೇಕ್ ಹಾಕಿದಾಗ ಮಾತ್ರ ಎಳೆಯುತ್ತದೋ ಯಾವಾಗಲೂ ಎಳೆಯುತ್ತದೋ ಎಂದು ಗಾಡಿಯವರನ್ನು ಕೇಳು. ಖರ್ಚಿಲ್ಲದ ಪರೀಕ್ಷೆಗಳು ಮುಗಿದ ಮೇಲೆ ಮಷೀನು.

6. ಸ್ಪ್ರಿಂಗಿನ ಕೆಲಸ ಬೇರೆ, ಶಾಕ್ ಅಬ್ಸಾರ್ಬರಿನ ಕೆಲಸ ಬೇರೆ

ಭಾರ ಹೊರುವುದು ಸ್ಪ್ರಿಂಗು. ಒಮ್ಮೆ ತೂಗಿಬಿಟ್ಟ ಜೋಕಾಲಿ ತಾನಾಗಿ ನಿಲ್ಲಲು ಹೊತ್ತು ಹಿಡಿಯುತ್ತದಲ್ಲ, ಸ್ಪ್ರಿಂಗೂ ಹಾಗೆಯೇ; ಕೈ ಅಡ್ಡ ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರು. ಕಾರಿನ ಒಂದು ಮೂಲೆಯನ್ನು ಗಟ್ಟಿಯಾಗಿ ಅದುಮಿ ಬಿಡಿ: ಮೇಲೆ ಬಂದು ನಿಂತರೆ ಸರಿ, ಕುಣಿಯುತ್ತಲೇ ಇದ್ದರೆ ಅದು ಸೋತಿದೆ. ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದರೂ ಸರಿಯಿಲ್ಲ ಎಂದರ್ಥ. ಕಾರಿನ ಸ್ಟ್ರಟ್ ಅನ್ನು ಮಾತ್ರ ಶಾಲೆಯಲ್ಲಿ ಬಿಚ್ಚಬಾರದು. ಅದುಮಿಟ್ಟ ಕಾಯಿಲ್ ಸ್ಪ್ರಿಂಗ್ ಸಿಡಿದರೆ ಎದುರಿದ್ದವರ ದವಡೆ ಉಳಿಯುವುದಿಲ್ಲ. ಬಿಚ್ಚಿದ್ದನ್ನು ತಂದು ತೋರಿಸಿದರೆ ಸಾಕು.

7. ತಿರುವಿನಲ್ಲಿ ಎರಡು ಚಕ್ರ ಒಂದೇ ಕೋನಕ್ಕೆ ತಿರುಗುವುದಿಲ್ಲ

ಅಂಗಳದ ನಡುವೆ ಗೂಟ ಹೊಡೆದು ಹಗ್ಗ ಕಟ್ಟಿ, ಒಳಚಕ್ರಕ್ಕೊಂದು ಹೊರಚಕ್ರಕ್ಕೊಂದು ಎಂದು ಎರಡು ವೃತ್ತ ಎಳೆಸಿ. ಒಳಗಿನದು ಚಿಕ್ಕದು, ಹಾಗಾಗಿ ಒಳಚಕ್ರ ಹೆಚ್ಚು ತಿರುಗಬೇಕು. ಇಲ್ಲದಿದ್ದರೆ ಒಂದು ಟೈರು ಉಜ್ಜಿಕೊಂಡು ಹೋಗುತ್ತದೆ. ಮ್ಯೂನಿಕ್‌ನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಕುದುರೆಗಾಡಿಗೆ ಕಂಡುಹಿಡಿದ ಈ ಜೋಡಣೆಗೆ ಅವನ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಹೆಸರು ಉಳಿದದ್ದು ಅರ್ಜಿ ಹಾಕಿದವನದು. ರಟ್ಟು, ಐಸ್‌ಕ್ರೀಂ ಕಡ್ಡಿ, ಗುಂಡುಪಿನ್ನಿನಲ್ಲಿ ಇದರ ಮಾಡೆಲ್ ಒಂದೇ ಪಿರಿಯಡ್ಡಿನಲ್ಲಿ ಆಗುತ್ತದೆ.

ಸ್ಟೇರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಸವೆದಿದೆಯೇ ಎಂದು ನೋಡುವುದು ಮತ್ತೆ ಇಬ್ಬರ ಕೆಲಸ. ಒಬ್ಬರು ಸ್ಟೇರಿಂಗನ್ನು ಸ್ವಲ್ಪವೇ ಎಡಬಲ ಅಲ್ಲಾಡಿಸಬೇಕು, ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟಿರಬೇಕು. ಟಕ್ ಎಂಬುದು ಕಿವಿಗೆ ಕೇಳುವ ಮೊದಲು ಬೆರಳಿಗೆ ತಾಗುತ್ತದೆ.

8. ಟ್ರ್ಯಾಕ್ಟರಿನ ಎರಡು ಪೆಡಲ್ ಬಗ್ಗೆ ಮಾತಾಡಲೇಬೇಕು

ಇದು ಪಠ್ಯದಲ್ಲಿ ಎಲ್ಲಿದೆ ಎಂದು ಕೇಳಬೇಡಿ. ನನ್ನ ಮಕ್ಕಳಲ್ಲಿ ಅರ್ಧದಷ್ಟು ಮನೆಗಳಲ್ಲಿ ಕಾರಿಲ್ಲ, ಟ್ರ್ಯಾಕ್ಟರ್ ಇದೆ. ಟ್ರ್ಯಾಕ್ಟರಿಗೆ ಎಡ ಹಿಂಚಕ್ರಕ್ಕೊಂದು ಬಲ ಹಿಂಚಕ್ರಕ್ಕೊಂದು ಬ್ರೇಕ್ ಪೆಡಲ್ ಇರುತ್ತದೆ. ಹೊಲದ ಬದುವಿನ ಹತ್ತಿರ ಬಂದಾಗ ಒಂದೇ ಕಡೆಯದನ್ನು ಒತ್ತಿದರೆ ನಿಂತ ಜಾಗದಲ್ಲೇ ತಿರುಗಿಸಿಕೊಳ್ಳಬಹುದು. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸುವ ಲಾಕ್ ಹಾಕಬೇಕು. ಹಾಕುವವರು ಎಷ್ಟು ಜನ? ವೇಗದಲ್ಲಿದ್ದಾಗ ಒಂದೇ ಪೆಡಲ್ ಮೇಲೆ ಕಾಲು ಬಿದ್ದರೆ ಟ್ರ್ಯಾಕ್ಟರ್ ಸರಕ್ಕನೆ ಒಂದು ಕಡೆ ತಿರುಗುತ್ತದೆ, ಹಿಂದಿನ ಟ್ರೇಲರು ತಳ್ಳುತ್ತದೆ. ಹಲವು ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಕಬ್ಬು ತುಂಬಿದ್ದಾಗ ಆ ಭಾರವನ್ನೆಲ್ಲ ನಿಲ್ಲಿಸಬೇಕಾದ್ದು ಟ್ರ್ಯಾಕ್ಟರಿನ ಎರಡು ಹಿಂಚಕ್ರಗಳೇ.

ಲಾಕ್ ಹಾಕಿದರೂ ಎರಡು ಪೆಡಲ್‌ಗಳ ಬಿಡಿ ಆಟ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಒಂದು ಚಕ್ರ ಮೊದಲು ಹಿಡಿಯುತ್ತದೆ. ಮನೆಯ ದೊಡ್ಡವರು ಖಾಲಿ ಟ್ರ್ಯಾಕ್ಟರನ್ನು ಮಣ್ಣಿನ ಅಂಗಳದಲ್ಲಿ ನಿಧಾನ ಓಡಿಸಿ ಬ್ರೇಕ್ ಹಾಕಿದಾಗ ಎರಡು ಚಕ್ರದ ಗೀರುಗಳ ಉದ್ದ ಅಳೆದುಕೊಂಡು ಬನ್ನಿ ಎಂದು ಮನೆಗೆಲಸ ಕೊಡುತ್ತೇನೆ. ಹೆಣ್ಣುಮಕ್ಕಳು ಬರೆದು ತಂದ ಲೆಕ್ಕ ಹೆಚ್ಚು ಅಚ್ಚುಕಟ್ಟು. ಹುಡುಗರು ಓಡಿಸಿದ್ದು ಯಾರು ಎಂಬ ಪ್ರಶ್ನೆಗೇ ತಡವರಿಸುತ್ತಾರೆ.

9. ವಸ್ತಿ ಬಸ್ಸು ಬೆಳಿಗ್ಗೆ ಯಾಕೆ ತಡ ಮಾಡುತ್ತದೆ

ಊರಲ್ಲಿ ರಾತ್ರಿ ತಂಗುವ ಬಸ್ಸನ್ನು ಬೆಳಿಗ್ಗೆ ಡ್ರೈವರು ಶುರು ಮಾಡಿ ಹೊತ್ತು ಕಾಯುತ್ತಾರೆ. ಎಂಜಿನ್ ಬಿಸಿಯಾಗಲಿ ಅಂತ, ಎನ್ನುತ್ತಾರೆ ಮಕ್ಕಳು. ಟ್ಯಾಂಕಿನಲ್ಲಿ ಗಾಳಿ ತುಂಬಿ ಮುಳ್ಳು ಮೇಲೇರಬೇಕು, ಅದು ಮುಖ್ಯ. ಏರ್ ಬ್ರೇಕಿನ ಪಾರ್ಕಿಂಗ್ ಬ್ರೇಕನ್ನು ಹಿಡಿದಿರುವುದು ಗಟ್ಟಿ ಸ್ಪ್ರಿಂಗು, ಅದನ್ನು ಬಿಡಿಸುವುದು ಗಾಳಿ. ಗಾಳಿ ಸೋರಿದರೆ ಸ್ಪ್ರಿಂಗ್ ಗೆದ್ದು ಬಸ್ಸು ನಿಲ್ಲುತ್ತದೆ. ಕೆಟ್ಟರೂ ನಿಲ್ಲುವ ಕಡೆಗೇ ಕೆಡುವಂತೆ ಮಾಡಿದ ಈ ಜಾಣತನವನ್ನು ಹೇಳಿ ಸುಮ್ಮನಾಗುತ್ತೇನೆ, ಉಳಿದದ್ದು ಐಟಿಐಗೆ.

10. ಜಾಕಿ, ಧೂಳು, ನಟ್ಟು

ಜಾಕಿ ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡು. ಇಟ್ಟಿಗೆ ಬೇಡ, ಒಮ್ಮೆಗೇ ಪುಡಿಯಾಗುತ್ತದೆ. ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿದ ಮೇಲೆಯೇ ಕೈ ಒಳಗೆ. ಡ್ರಮ್ಮಿನ ಧೂಳನ್ನು ಊದಬಾರದು, ಗಾಳಿ ಪೈಪ್ ಹಿಡಿಯಬಾರದು. ಹಳೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಯಾವುದರಲ್ಲಿದೆ ಎಂದು ನೋಡಿ ಹೇಳಲಾಗದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಚಕ್ರದ ನಟ್ಟುಗಳನ್ನು ಸುತ್ತ ಬರುತ್ತ ಬಿಗಿಯಬೇಡಿ, ಎದುರುಬದುರು ಬಿಗಿಯಿರಿ. ಈ ಪಾಠಕ್ಕೆ ವಿವರಣೆ ಕೊಡುವುದಿಲ್ಲ, ತಪ್ಪಿದವರು ಆ ದಿನ ಹೊರಗೆ ನಿಲ್ಲುತ್ತಾರೆ.

11. "ಒಂದ್ ರೌಂಡ್ ಹೊಡದ್ ನೋಡೂಣು ಸರ"

ಬ್ರೇಕ್ ಸರಿ ಮಾಡಿದ ಮೇಲೆ ಓಡಿಸಿ ನೋಡಬೇಡವೇ ಎನ್ನುವ ಪ್ರಶ್ನೆ ನ್ಯಾಯವಾದದ್ದೇ. ಆದರೆ 16 ತುಂಬಿದರೆ 50 ಸಿಸಿವರೆಗಿನ ಗೇರಿಲ್ಲದ ಗಾಡಿ, ಉಳಿದ ಖಾಸಗಿ ಗಾಡಿಗಳಿಗೆ 18. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಮಗು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಇಲ್ಲವೇ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಪೋಷಕರ ಸಭೆಯಲ್ಲೂ ಓದಿ ಹೇಳುತ್ತೇನೆ. ಆ ಹೊತ್ತಿಗೆ ಕೆಲವು ಅಪ್ಪಂದಿರು ಫೋನ್ ನೋಡತೊಡಗುತ್ತಾರೆ.

ಓಡಿಸುವ ಬದಲು ನಮ್ಮಲ್ಲಿ ತಪಾಸಣೆಯ ಚೀಟಿ ಇದೆ. ಶನಿವಾರ ಶಿಕ್ಷಕರ ಸ್ಕೂಟರು, ಬೈಕುಗಳನ್ನು ಸಾಲಾಗಿ ನಿಲ್ಲಿಸಿ ಮಕ್ಕಳು ಲಿವರಿನ ಆಟ, ಪ್ಯಾಡಿನ ದಪ್ಪ, ಟೈರಿನ ಗಾಳಿ, ಫೋರ್ಕಿನ ಸೋರಿಕೆ, ಹ್ಯಾಂಡಲ್ ಬೇರಿಂಗಿನ ಸಡಿಲು ನೋಡಿ ಬರೆಯುತ್ತಾರೆ. ಬಿಚ್ಚುವ ಹಾಗಿಲ್ಲ. ಕಂಡದ್ದನ್ನು ಬರೆಯಬೇಕು, "ಚೆನ್ನಾಗಿದೆ" ಎಂಬ ಪದ ಬಳಸಬಾರದು. ಕೆಳಗೆ ಹೆಸರು, ಸಹಿ. ಪ್ರಾಯೋಗಿಕ ಪರೀಕ್ಷೆಗೆ ಬರುವವರು ಬಹಳಷ್ಟು ಸಲ ಬಿಡಿಭಾಗ ತೋರಿಸಿ ಹೆಸರು ಕೇಳಿ ಮುಗಿಸುತ್ತಾರೆ. ನನ್ನನ್ನು ಕೇಳಿದರೆ ಮೂರು ದೋಷ ಬೇಕೆಂದೇ ಇಟ್ಟ ಸ್ಕೂಟರೊಂದನ್ನು ನಿಲ್ಲಿಸಿ ಅರ್ಧ ಗಂಟೆ ಬಿಡಬೇಕು. ಕಳೆದ ಸಲ ಹಾಗೆ ನಿಲ್ಲಿಸಿದಾಗ ಒಬ್ಬ ಹುಡುಗಿ ನಾನು ಇಟ್ಟ ಮೂರರ ಜತೆಗೆ ನಾಲ್ಕನೆಯದನ್ನೂ ಬರೆದಿದ್ದಳು: ಹಿಂದಿನ ಬ್ರೇಕ್ ಒತ್ತಿದರೆ ಬ್ರೇಕ್ ಲೈಟ್ ಹತ್ತುತ್ತಿಲ್ಲ. ಸ್ಕೂಟರು ಹೆಡ್‌ಮಾಸ್ಟರರದು. ಅವರು ಅದೇ ಸಂಜೆ ಸ್ವಿಚ್ ಹಾಕಿಸಿಕೊಂಡು ಬಂದರು.